ಜೋಮು ಹಿಡಿದಿರುವುದು ಯಾವ ಬೆರಳು?

ಸಂಜೆ ಟ್ಯೂಷನ್ ಮುಗಿಸಿ ಬಂದ ಮಗ ಚೀಲ ಇಳಿಸುತ್ತಾ ‘ಕತ್ತು ನೋಯ್ತಿದೆ ಅಮ್ಮ’ ಅನ್ನುತ್ತಾನೆ. ರಾಜಾಜಿನಗರದ ಮನೆಯಾಗಲಿ, ಕೆಂಗೇರಿ ಉಪನಗರದ ಮನೆಯಾಗಲಿ, ಒಳಗಿನಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ‘ಆ ಮೊಬೈಲ್ ಕೆಳಗಿಡು, ತಾನೇ ಸರಿಹೋಗುತ್ತೆ.’ ಹಾಗೆ ಹೇಳುವ ತಾಯಿಗೆ ಮಗನ ಮೇಲೆ ಅಕ್ಕರೆ ಇಲ್ಲವೆಂದಲ್ಲ. ಅದೇ ರಾತ್ರಿ ಅವಳೇ ಎದ್ದು ಬಂದು ಕತ್ತಿಗೆ ಅಮೃತಾಂಜನ ತಿಕ್ಕುತ್ತಾಳೆ. ತೊಂದರೆ ಇರುವುದು ಉತ್ತರದ ವೇಗದಲ್ಲಿ. ನೋವಿನ ಮಾತು ಎತ್ತಿದಾಗಲೆಲ್ಲ ಅದು ಮೊಬೈಲಿನ ಜಗಳವಾಗಿ ತಿರುಗಿದರೆ, ಮಗು ನೋವಿನ ಸುದ್ದಿಯನ್ನೇ ಬಿಟ್ಟುಬಿಡುತ್ತದೆ. ನಂತರ ಕೈ ಜೋಮು ಹಿಡಿದರೂ ಹೇಳುವುದಿಲ್ಲ.

ಕತ್ತಿನ ತೊಂದರೆಗಳಲ್ಲಿ ಈ ಮೌನ ದುಬಾರಿ. ಏಕೆಂದರೆ ಸ್ನಾಯುವಿನ ದಣಿವು ಯಾವುದು, ಡಿಸ್ಕ್ ಜಾರಿ ನರ ಒತ್ತಿರುವುದು ಯಾವುದು ಎಂದು ಬೇರ್ಪಡಿಸುವ ಮೊದಲ ಪರೀಕ್ಷೆ ಎಂಆರ್‌ಐ ಅಲ್ಲ. ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎಂದು ರೋಗಿ ಹೇಳುವ ಮಾತೇ ಆ ಪರೀಕ್ಷೆ. ವೈದ್ಯರು ಅರ್ಧ ತೀರ್ಮಾನಕ್ಕೆ ಬರುವುದು ಅದರಿಂದಲೇ. ಆ ಮಾತು ಮೊದಲು ಹೊರಡುವುದು ಅಡುಗೆಮನೆಯ ಬಾಗಿಲಲ್ಲಿ, ನಿಮ್ಮ ಮುಂದೆ.

ಕತ್ತಿನಲ್ಲಿ ಏಳು ಮೂಳೆಮಣಿಗಳಿವೆ. ಮೇಲಿನ ಎರಡರ ನಡುವೆ ಬಿಟ್ಟರೆ, ಉಳಿದ ಮಣಿಗಳ ನಡುವೆ ಒಂದೊಂದು ಮೆತ್ತೆ ಇರುತ್ತದೆ. ಅದನ್ನೇ ಡಿಸ್ಕ್ ಎನ್ನುವುದು. ಡಿಸ್ಕಿನ ಒಳಗೆ ನೀರಿನಂಶ ತುಂಬಿದ ಮೃದುವಾದ ತಿರುಳು, ಸುತ್ತ ನಾರಿನ ಗಟ್ಟಿ ಬಳೆ. ಹೋಳಿಗೆ ಲಟ್ಟಿಸುವಾಗ ಕಣಕ ತೆಳುವಾದ ಕಡೆ ಹರಿದು ಹೂರಣ ಹೊರಗೆ ಇಣುಕುತ್ತದಲ್ಲ, ಡಿಸ್ಕ್ ‘ಜಾರುವುದು’ ಎಂದರೆ ಹೆಚ್ಚುಕಡಿಮೆ ಅದೇ. ಮೆತ್ತೆ ಇಡಿಯಾಗಿ ಎಲ್ಲಿಗೂ ಜಾರುವುದಿಲ್ಲ. ಸುತ್ತಲಿನ ಬಳೆ ಒಂದು ಕಡೆ ಸೀಳಿ, ತಿರುಳು ಹಿಂದಕ್ಕೆ ಚಾಚುತ್ತದೆ. ಹಿಂದೆ ಬೆನ್ನುಹುರಿ ಇದೆ. ಅದರ ಎರಡೂ ಪಕ್ಕಗಳಿಂದ ಕೈಗೆ ಹೋಗುವ ನರಗಳ ಬೇರುಗಳು ಹೊರಡುತ್ತವೆ. ಚಾಚಿದ ತಿರುಳು ಬೇರನ್ನು ಒತ್ತಿದಾಗ, ತೊಂದರೆ ಇರುವುದು ಕತ್ತಿನಲ್ಲಾದರೂ ನೋವು ಕಾಣುವುದು ಕೈಯಲ್ಲಿ. ಒತ್ತಡದ ಜೊತೆಗೆ, ಹೊರಬಂದ ತಿರುಳು ನರವನ್ನು ಕೆರಳಿಸಿ ಊತ ತರುತ್ತದೆ. ಆ ಊತ ಇಳಿದಂತೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ನೋವು ತಗ್ಗುವುದುಂಟು.

ಮಕ್ಕಳಲ್ಲಿ ಇದು ಅಪರೂಪ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎಳೆಯ ಡಿಸ್ಕಿನಲ್ಲಿ ನೀರಿನಂಶ ಹೆಚ್ಚು, ಸುತ್ತಲಿನ ನಾರೂ ಗಟ್ಟಿ. ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ಊರಿನಲ್ಲಿ 1976ರಿಂದ 1990ರವರೆಗೆ ಕತ್ತಿನ ನರ ಒತ್ತಿದ 561 ಮಂದಿಯ ದಾಖಲೆಗಳನ್ನು ಅಭ್ಯಾಸ ಮಾಡಿದರು. ಅವರ ಸರಾಸರಿ ವಯಸ್ಸು 48ರ ಆಸುಪಾಸು. ಎಲ್ಲರಿಗಿಂತ ಚಿಕ್ಕವರ ವಯಸ್ಸು 13. ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ, ಅಷ್ಟೇ. ಅದೇ ಅಭ್ಯಾಸದಲ್ಲಿ ಕೊನೆಯ ಸಲ ವಿಚಾರಿಸಿದಾಗ ಶೇಕಡಾ 90ರಷ್ಟು ಮಂದಿಗೆ ನೋವು ಇರಲಿಲ್ಲ, ಇದ್ದರೂ ಅಲ್ಪಸ್ವಲ್ಪ. ಹದಿಹರೆಯದಲ್ಲಿ ಡಿಸ್ಕ್ ತೊಂದರೆ ಬಂದರೂ ಸೊಂಟದಲ್ಲಿ ಬರುವುದೇ ಹೆಚ್ಚು. ಕತ್ತಿನಲ್ಲಿ ಬಂದರೆ ಹಿಂದೆ ಏನಾದರೂ ಏಟು ಇರುವುದುಂಟು: ಕಬಡ್ಡಿಯಲ್ಲಿ ತಲೆ ಮಡಚಿ ಬಿದ್ದದ್ದು, ಸ್ಕೂಟರಿನಿಂದ ಉರುಳಿದ್ದು, ಹೇಳಿಕೊಡುವವರಿಲ್ಲದೆ ಜಿಮ್ಮಿನಲ್ಲಿ ಭಾರ ಎತ್ತಿದ್ದು. ಇನ್ನೂ ಚಿಕ್ಕ ಮಕ್ಕಳಲ್ಲಿ, ಐದರಿಂದ ಹತ್ತರ ಪ್ರಾಯದಲ್ಲಿ, ಡಿಸ್ಕಿನೊಳಗೆ ಸುಣ್ಣದಂಶ ಸೇರಿಕೊಂಡು ಕತ್ತು ಸೆಟೆದು ಸಣ್ಣ ಜ್ವರವೂ ಬರುವ ಒಂದು ತೊಂದರೆ ಇದೆ. ಎಕ್ಸ್‌ರೇಯಲ್ಲಿ ನೋಡಿದರೆ ಗಾಬರಿಯಾಗುತ್ತದೆ. ಆದರೆ ಬಹುತೇಕ ಮಕ್ಕಳಲ್ಲಿ ಕೆಲವು ವಾರ ಅಥವಾ ತಿಂಗಳಲ್ಲಿ ಅದು ತಾನಾಗಿ ಕರಗುತ್ತದೆ.

ಹಾಗಾದರೆ ಇಷ್ಟೊಂದು ಮಕ್ಕಳು ಕತ್ತು ಹಿಡಿದುಕೊಂಡು ಬರುವುದು ಯಾಕೆ? ಹೆಚ್ಚಿನವರಿಗೆ ನೋವು ಸ್ನಾಯುಗಳದು. ದೊಡ್ಡವರ ತಲೆ ಸುಮಾರು ಐದು ಕಿಲೋ ತೂಗುತ್ತದೆ. ನ್ಯೂಯಾರ್ಕಿನ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಹಾಕಿದ ಲೆಕ್ಕದ ಪ್ರಕಾರ, ತಲೆ 15 ಡಿಗ್ರಿ ಬಾಗಿದರೆ ಕತ್ತಿನ ಮೇಲೆ ಬೀಳುವ ಹೊರೆ 12 ಕಿಲೋ, 60 ಡಿಗ್ರಿ ಬಾಗಿದರೆ 27 ಕಿಲೋ. ಇದು ಲೆಕ್ಕಾಚಾರ ಮಾತ್ರ. ಹೀಗೆ ಬಾಗಿದ ಕತ್ತಿನಲ್ಲೆಲ್ಲ ಡಿಸ್ಕ್ ಹರಿಯುತ್ತದೆ ಎಂದು ಇದರಿಂದ ಹೇಳುವಂತಿಲ್ಲ. ಹೊತ್ತುಗಟ್ಟಲೆ ಒಂದೇ ಭಂಗಿಯಲ್ಲಿದ್ದರೆ ಕತ್ತಿನ ಹಿಂಬದಿಯ, ಹೆಗಲಿನ ಸ್ನಾಯುಗಳು ಬಿಡುವಿಲ್ಲದೆ ಬಿಗಿದುಕೊಂಡು ನೋಯುತ್ತವೆ ಎಂಬುದು ಮಾತ್ರ ಸರಿ. ಈ ನೋವು ಕತ್ತು, ಹೆಗಲು, ತಲೆಯ ಹಿಂಭಾಗದಲ್ಲೇ ಸುತ್ತುತ್ತದೆ. ಬೆರಳ ತುದಿಗೆ ಇಳಿಯುವುದಿಲ್ಲ.

ಮಗು ಯಾಕೆ ಬಾಗಿ ಕೂರುತ್ತದೆ ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ವಿಜಯನಗರ, ಬಸವೇಶ್ವರನಗರದ ಎಷ್ಟೋ ಬಾಡಿಗೆ ಮನೆಗಳಲ್ಲಿ ಓದುವ ಮೇಜಿಗೆ ಜಾಗವಿಲ್ಲ. ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ, ಪುಸ್ತಕ ತೊಡೆಯ ಮುಂದಿಟ್ಟುಕೊಂಡರೆ ಕತ್ತು ಬಗ್ಗಲೇಬೇಕು. ಕೋಚಿಂಗ್ ಕ್ಲಾಸಿನಲ್ಲಿ ಒತ್ತೊತ್ತಾಗಿ ಕೂತು ಬೋರ್ಡಿಗೂ ನೋಟ್ಸಿಗೂ ಕತ್ತು ಮೇಲೆ ಕೆಳಗೆ ಆಡಿಸಿ, ಹಿಂದಿರುಗುವಾಗ ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ, ಚೀಲವನ್ನು ಎದೆಯ ಮೇಲೆ ತಿರುಗಿಸಿ ಹಾಕಿಕೊಂಡು ನಿಲ್ಲುತ್ತಾರೆ. ಮನೆಗೆ ಬಂದರೆ ಉಪನ್ಯಾಸಕರ ನೋಟ್ಸು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಅಣಕು ಪರೀಕ್ಷೆ ಆ್ಯಪಿನಲ್ಲಿ, ಗೆಳೆಯರೂ ಅದೇ ಫೋನಿನಲ್ಲಿ. ದೊಡ್ಡವರ ಕಣ್ಣಿಗೆ ಅದೆಲ್ಲ ಒಂದೇ ‘ಮೊಬೈಲ್ ಚಟ’. ಮಕ್ಕಳ ಮಟ್ಟಿಗೆ ಅದರಲ್ಲಿ ಒಂದು ಪಾಲು ಓದು, ಒಂದು ಪಾಲು ದಿನವಿಡೀ ಸಿಗದ ಬಿಡುವು. ಪರೀಕ್ಷೆಯ ಆತಂಕವೂ ಕತ್ತಿನಲ್ಲೇ ಕೂರುತ್ತದೆ. ಸಿಇಟಿ, ನೀಟ್ ಹತ್ತಿರವಾದಂತೆ ಮಕ್ಕಳ ಹೆಗಲು ಅವರಿಗೇ ಅರಿವಿಲ್ಲದೆ ಕಿವಿಯ ಕಡೆಗೆ ಏರಿ ನಿಂತಿರುತ್ತದೆ. ನಿದ್ದೆ ಕಡಿಮೆಯಾದರೆ ನೋವು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಈ ಸರಪಳಿಯಿಂದ ಫೋನನ್ನು ಮಾತ್ರ ಕಿತ್ತುಕೊಂಡರೆ ಕತ್ತು ಸಡಿಲವಾಗುವುದಿಲ್ಲ, ಮನೆ ಬಿಗಿಯಾಗುತ್ತದೆ.

ಚೀಲದ ವಿಚಾರದಲ್ಲಿ ನಮ್ಮ ಶಿಕ್ಷಣ ಇಲಾಖೆ 2019ರಲ್ಲೇ ಮಿತಿ ಹಾಕಿದೆ. ಒಂದು, ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕಿಲೋ. ಒಂಬತ್ತು, ಹತ್ತನೇ ತರಗತಿಗೆ ನಾಲ್ಕರಿಂದ ಐದು ಕಿಲೋ. ತಿಂಗಳಿಗೊಂದು ಶನಿವಾರ ಚೀಲವಿಲ್ಲದ ದಿನವನ್ನೂ ಅದೇ ಆದೇಶದಲ್ಲಿ ಸೇರಿಸಿದರು. ಭಾರದ ಚೀಲದಿಂದ ಡಿಸ್ಕ್ ಜಾರುತ್ತದೆ ಎಂದೇನಿಲ್ಲ, ಆದರೆ ಬೆನ್ನು, ಹೆಗಲು ದಣಿಯುವುದಂತೂ ನಿಜ. ಭಾನುವಾರ ರಾತ್ರಿ ಮಗುವಿನ ಜೊತೆ ಕೂತು ಚೀಲ ಖಾಲಿ ಮಾಡಿ ನೋಡಿ. ಕಳೆದ ತಿಂಗಳ ಟೆಸ್ಟ್ ಪೇಪರುಗಳು, ಬೇಡದ ಎರಡು ರೆಕಾರ್ಡ್ ಪುಸ್ತಕ, ತುಂಬಿದ ಸ್ಟೀಲ್ ಬಾಟಲಿ ಅಲ್ಲೇ ಇರುತ್ತವೆ.

ನರ ಒತ್ತಿದ ನೋವಿನ ದಾರಿಯೇ ಬೇರೆ. ಅದು ಕತ್ತಿನ ಒಂದು ಬದಿಯಲ್ಲಿ, ಅನೇಕ ವೇಳೆ ಬೆನ್ನಿನ ರೆಕ್ಕೆಮೂಳೆಯ ಒಳಅಂಚಿನಲ್ಲಿ ಶುರುವಾಗಿ, ಹೆಗಲು ದಾಟಿ ರಟ್ಟೆ, ಮುಂಗೈ ಹಿಡಿದು ಬೆರಳಿಗೆ ಇಳಿಯುತ್ತದೆ. ಮಕ್ಕಳು ಅದನ್ನು ‘ಕರೆಂಟ್ ಹೊಡೆದ ಹಾಗೆ’, ‘ಇರುವೆ ಹರಿದ ಹಾಗೆ’, ‘ಉರಿ’ ಎಂದು ಹೇಳುತ್ತಾರೆ. ತಲೆಯನ್ನು ನೋವಿರುವ ಬದಿಗೆ ವಾಲಿಸಿ ಹಿಂದಕ್ಕೆ ಚಾಚಿದರೆ ಹೆಚ್ಚುತ್ತದೆ. ಕೆಮ್ಮಿದರೆ, ಸೀನಿದರೆ ಚಳಕು ಹೊಡೆಯಬಹುದು. ಯಾವ ಬೆರಳು ಎಂಬುದು ಇಲ್ಲಿ ಮುಖ್ಯ. ಕತ್ತಿನ ಐದು ಮತ್ತು ಆರನೇ ಮಣಿಗಳ ನಡುವಿನ ಡಿಸ್ಕ್ ಚಾಚಿದರೆ ಹೆಬ್ಬೆರಳು, ತೋರುಬೆರಳಿನ ಕಡೆ ಜೋಮು. ಆರು ಮತ್ತು ಏಳರ ನಡುವಿನದಾದರೆ ನಡುಬೆರಳು, ಜೊತೆಗೆ ಮೊಣಕೈ ನೀಟಾಗಿ ಚಾಚಿ ಏನನ್ನಾದರೂ ತಳ್ಳುವ ಬಲ ಕಡಿಮೆ. ಅದಕ್ಕೂ ಕೆಳಗಿನದಾದರೆ ಉಂಗುರಬೆರಳು, ಕಿರುಬೆರಳು, ಮತ್ತು ಹಿಡಿತ ಸಡಿಲ. ಒಬ್ಬರಿಂದೊಬ್ಬರಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಆದರೂ ‘ಕೈ ಜೋಮು’ ಎನ್ನುವುದಕ್ಕೂ ‘ನಡುಬೆರಳು ಜೋಮು, ಎರಡು ವಾರದಿಂದ, ಬಲಗೈಯಲ್ಲಿ ಮಾತ್ರ’ ಎನ್ನುವುದಕ್ಕೂ ವೈದ್ಯರ ಪಾಲಿಗೆ ಬಹಳ ಅಂತರವಿದೆ.

ಒಮ್ಮೆ ದ್ವಿತೀಯ ಪಿಯುಸಿಯ ಹುಡುಗನೊಬ್ಬ ಬೆಂಚಿನ ಮೇಲೆ ವೈದ್ಯರಿಗಾಗಿ ಕಾಯುತ್ತಾ ಕೂತಿದ್ದ. ಬಲ ಅಂಗೈ ನೆತ್ತಿಯ ಮೇಲಿತ್ತು. ಪಕ್ಕದಲ್ಲಿದ್ದ ಅಜ್ಜಿ ಆ ಕೈಯನ್ನು ಹಿಡಿದು ಕೆಳಗಿಳಿಸಿ, ‘ತಲೆ ಮೇಲೆ ಕೈ ಹೊತ್ತು ಕೂರಬಾರದು ಕಣೋ, ಒಳ್ಳೇದಲ್ಲ’ ಎಂದು ಮೆಲ್ಲಗೆ ಗದರಿದರು. ಎರಡೇ ನಿಮಿಷ, ಕೈ ಮತ್ತೆ ನೆತ್ತಿಗೆ ಏರಿತು. ಮನೆಯಲ್ಲೂ ಓದುವಾಗ ಹೀಗೇ ಕೂರುತ್ತಾನೆ, ಸೋಮಾರಿತನ ಜಾಸ್ತಿಯಾಗಿದೆ ಎಂದು ತಂದೆ ಸೇರಿಸಿದರು. ಹುಡುಗನಿಗೆ ಆ ಭಂಗಿಯಲ್ಲಿ ಮಾತ್ರ ಕೈನೋವು ತಗ್ಗುತ್ತಿತ್ತು. ತೋಳನ್ನು ತಲೆಯ ಮೇಲೆ ಎತ್ತಿಟ್ಟಾಗ ನರದ ಮೇಲಿನ ಎಳೆತ ಸಡಿಲವಾಗುತ್ತದೆ; ಕತ್ತಿನ ಡಿಸ್ಕ್ ತೊಂದರೆಯನ್ನು ಗುರುತಿಸಲು ವೈದ್ಯರು ಬೇಕೆಂದೇ ಈ ಭಂಗಿಯಲ್ಲಿ ಕೂರಿಸಿ ನೋಡುತ್ತಾರೆ. ಯಾರೂ ಹೇಳಿಕೊಡದೆ ಆ ಹುಡುಗನ ಮೈ ಅದನ್ನು ಕಂಡುಕೊಂಡಿತ್ತು. ಮಕ್ಕಳು ಮಾಡುವ ವಿಚಿತ್ರ ಭಂಗಿ, ಬರೆಯುವಾಗ ಮತ್ತೆ ಮತ್ತೆ ಪೆನ್ನು ಕೆಳಗಿಟ್ಟು ಕೈ ಒದರುವುದು, ಚೀಲವನ್ನು ಇದ್ದಕ್ಕಿದ್ದಂತೆ ಇನ್ನೊಂದು ಹೆಗಲಿಗೆ ಬದಲಾಯಿಸುವುದು, ಇವುಗಳಿಗೆಲ್ಲ ಹೆಸರಿಡುವ ಮೊದಲು ‘ಹೀಗೆ ಮಾಡಿದರೆ ಹಾಯೆನಿಸುತ್ತಾ?’ ಎಂದು ಕೇಳಿ.

ಈಗ ಹೇಳುವುದನ್ನು ಗಂಡುಮಕ್ಕಳ ತಂದೆತಾಯಿ ವಿಶೇಷವಾಗಿ ಗಮನಿಸಬೇಕು. ನೋವೇ ಇಲ್ಲದೆ ಕೈ ಸೋಲುವ ಒಂದು ಕಾಯಿಲೆ ಹದಿನೈದರಿಂದ ಇಪ್ಪತ್ತೈದರ ಪ್ರಾಯದ ಹುಡುಗರಲ್ಲಿ ಕಾಣುತ್ತದೆ. ಇದನ್ನು ಮೊದಲು ವಿವರಿಸಿದ್ದು 1959ರಲ್ಲಿ ಜಪಾನಿನ ಕೈಜೊ ಹಿರಯಾಮ. ಆದ್ದರಿಂದ ಹಿರಯಾಮ ಕಾಯಿಲೆ ಎಂಬ ಹೆಸರು. ನಮ್ಮ ನಿಮ್ಹಾನ್ಸ್‌ನ ನರರೋಗ ತಜ್ಞೆ ಡಾ. ಎಂ. ಗೌರಿ ದೇವಿ ಮತ್ತು ಅವರ ಸಹೋದ್ಯೋಗಿಗಳು, ಒಂದೇ ಕೈ ಅಥವಾ ಒಂದೇ ಕಾಲು ಸಣ್ಣಗಾಗುವ ಇಂಥ ತೊಂದರೆಯನ್ನು 1984ರಲ್ಲಿ ಬೆಂಗಳೂರಿನಿಂದ ವಿವರಿಸಿ ಜಗತ್ತಿನ ಗಮನಕ್ಕೆ ತಂದರು. ಬೆಳವಣಿಗೆ ಭರದಿಂದ ಸಾಗುವ ವರ್ಷಗಳಲ್ಲಿ ಬೆನ್ನುಮೂಳೆಯ ಉದ್ದಕ್ಕೆ ಬೆನ್ನುಹುರಿಯ ಹೊದಿಕೆ ಸಾಲದೆ ಬಿಗಿಯಾಗುತ್ತದೆ. ಕತ್ತು ಬಗ್ಗಿಸಿದಾಗ ಆ ಹೊದಿಕೆ ಮುಂದಕ್ಕೆ ಜರುಗಿ ಹುರಿಯನ್ನು ಮಣಿಗಳಿಗೆ ಒತ್ತುತ್ತದೆ ಎಂಬುದು ಹೆಚ್ಚಿನವರು ಒಪ್ಪಿದ ವಿವರಣೆ. ಡಿಸ್ಕ್ ಇಲ್ಲಿ ತಪ್ಪಿತಸ್ಥನಲ್ಲ. ಇಸವಿಗಳನ್ನು ನೋಡಿ: ಎರಡೂ ಮೊಬೈಲ್ ಫೋನು ನಮ್ಮ ಮನೆಗಳಿಗೆ ಬರುವುದಕ್ಕಿಂತ ಮೊದಲಿನವು.

ಈ ಹುಡುಗರು ‘ನೋವು’ ಎಂದು ಹೇಳುವುದೇ ಇಲ್ಲ. ಡಿಸೆಂಬರಿನ ಚಳಿಯ ಬೆಳಗಿನಲ್ಲಿ ಬೈಕಿನ ಬ್ರೇಕ್ ಹಿಡಿಯಲು, ಶರ್ಟಿನ ಗುಂಡಿ ಹಾಕಲು ಬೆರಳು ಬರುವುದಿಲ್ಲ. ಬಿಸಿಲೇರಿದಂತೆ ಸ್ವಲ್ಪ ಸರಿಹೋಗುತ್ತದೆ. ಬೆರಳು ಚಾಚಿದರೆ ಸಣ್ಣಗೆ ನಡುಗುತ್ತವೆ. ಅಂಗೈಯ ಮಾಂಸ, ಮುಂಗೈಯ ಒಳಬದಿ ಸೊರಗುತ್ತವೆ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಉಬ್ಬು ತಗ್ಗಿರುವುದು ಎರಡೂ ಕೈಗಳನ್ನು ಅಕ್ಕಪಕ್ಕ ಇಟ್ಟರೆ ಕಾಣುತ್ತದೆ. ಕೆಲವು ವರ್ಷ ಹೆಚ್ಚುತ್ತಾ ಹೋಗಿ ಬಹುತೇಕ ತಾನಾಗಿ ನಿಲ್ಲುತ್ತದೆ, ಆದರೆ ಹೋದ ಬಲ ಪೂರ್ತಿ ಮರಳುವುದು ಕಷ್ಟ. ಆರಂಭದಲ್ಲೇ ಗೊತ್ತಾದರೆ ಕತ್ತು ಬಗ್ಗದಂತೆ ಕಾಲರ್ ಹಾಕಿಸಿ ನಷ್ಟವನ್ನು ತಡೆಯಲು ಸಾಧ್ಯ. ಮಾಮೂಲಿಯಾಗಿ ನೇರ ಮಲಗಿಸಿ ತೆಗೆದ ಎಂಆರ್‌ಐಯಲ್ಲಿ ಇದು ತಪ್ಪಿಹೋಗಬಹುದು. ಕತ್ತು ಬಗ್ಗಿಸಿ ತೆಗೆದ ಚಿತ್ರ ಬೇಕು. ಆದ್ದರಿಂದ ಕೈ ಸೊರಗಿದ್ದರೆ ನೇರ ಸ್ಕ್ಯಾನ್ ಸೆಂಟರಿಗೆ ಹೋಗುವ ಬದಲು ನರರೋಗ ತಜ್ಞರನ್ನು ಕಾಣಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. ಜ್ವರ, ತಲೆನೋವು, ವಾಂತಿಯ ಜೊತೆ ಕತ್ತು ಸೆಟೆದು ಗಲ್ಲ ಎದೆಗೆ ತಾಗದಿದ್ದರೆ ಅದು ಮೆದುಳುಪೊರೆಯ ಸೋಂಕಿರಬಹುದು. ನಡಿಗೆ ತಡವರಿಸುವುದು, ಎರಡೂ ಕೈ ಕೆಲಸಕ್ಕೆ ಬಾರದಂತಾಗುವುದು, ಮೂತ್ರದ ಹಿಡಿತ ತಪ್ಪುವುದು ಬೆನ್ನುಹುರಿಯೇ ಒತ್ತಿರುವುದರ ಲಕ್ಷಣ. ಬಿದ್ದು ಏಟಾದ ಮೇಲೆ ಕತ್ತು ನೋವು, ಕೈಕಾಲು ಜೋಮು ಎಂದರೆ ಎತ್ತಿ ಕೂರಿಸಬೇಡಿ, ಕತ್ತು ಅಲುಗಿಸಬೇಡಿ, 108ಕ್ಕೆ ಕರೆ ಮಾಡಿ.

ಇಷ್ಟು ತುರ್ತಿಲ್ಲದಿದ್ದರೂ, ಕೈಗೆ ಇಳಿಯುವ ನೋವು, ಜೋಮು ಅಥವಾ ನಿಶ್ಶಕ್ತಿ ಇದ್ದರೆ ಒಂದೆರಡು ದಿನದಲ್ಲಿ ವೈದ್ಯರಿಗೆ ತೋರಿಸಿ. ಕತ್ತಿನಲ್ಲೇ ಇರುವ ನೋವು ಎರಡು ಮೂರು ವಾರಕ್ಕೂ ತಗ್ಗದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಆಗಲೂ ತೋರಿಸಿ. ಮೊದಲು ನಿಮ್ಮ ಮಕ್ಕಳ ವೈದ್ಯರು ಅಥವಾ ಮೂಳೆ ವೈದ್ಯರು ಸಾಕು. ಇಎಸ್‌ಐ ಕಾರ್ಡ್ ಇದ್ದವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಹತ್ತಿರದಲ್ಲಿದೆ. ಮೂಳೆಗೆ ಸಂಬಂಧಿಸಿದ್ದಕ್ಕೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ, ನರದ ತೊಂದರೆಗೆ ನಿಮ್ಹಾನ್ಸ್ ಇವೆ. ವೈದ್ಯರು ಬೆರಳಿನ ಸ್ಪರ್ಶ, ಹಿಡಿತದ ಬಲ, ಮೊಣಕೈಗೆ ಸಣ್ಣ ಸುತ್ತಿಗೆ ತಟ್ಟಿದಾಗ ಬರುವ ಪ್ರತಿಕ್ರಿಯೆ ನೋಡುತ್ತಾರೆ. ಅಷ್ಟರಲ್ಲೇ ಬಹಳಷ್ಟು ತಿಳಿಯುತ್ತದೆ.

ಎಂಆರ್‌ಐ ಬೇಗ ಮಾಡಿಸಿದರೆ ನೆಮ್ಮದಿ ಎಂದು ಅನೇಕರು ಭಾವಿಸುತ್ತಾರೆ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಮಂದಿಯ ಕತ್ತಿನ ಎಂಆರ್‌ಐ ತೆಗೆದು 2015ರಲ್ಲಿ ವರದಿ ಮಾಡಿದರು: ಶೇಕಡಾ 87.6ರಷ್ಟು ಮಂದಿಯ ಡಿಸ್ಕಿನಲ್ಲಿ ಉಬ್ಬು ಇತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಮಂದಿಗೆ ಇತ್ತು. ಅಂದರೆ ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂಬ ಎರಡು ಪದ ಕಂಡ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತು ಎನ್ನಲಾಗದು. ಮಗು ಹೇಳುವ ಬೆರಳಿಗೂ ಚಿತ್ರದಲ್ಲಿ ಕಾಣುವ ಡಿಸ್ಕಿಗೂ ತಾಳೆಯಾಗಬೇಕು. ಆ ಎರಡು ಪದಗಳನ್ನು ಮಗುವಿನ ಮುಂದೆ ನೆಂಟರಿಗೆ ಫೋನಿನಲ್ಲಿ ಓದಿಹೇಳುವುದನ್ನಂತೂ ದಯವಿಟ್ಟು ಮಾಡಬೇಡಿ. ‘ನಂಗೆ ಡಿಸ್ಕ್ ಹೋಗಿದೆ’ ಎಂದು ನಂಬಿದ ಹದಿನಾರರ ಹುಡುಗಿ ಕತ್ತು ತಿರುಗಿಸಲೇ ಹೆದರುತ್ತಾಳೆ, ತಿರುಗಿಸದ ಕತ್ತು ಇನ್ನಷ್ಟು ಬಿಗಿಯುತ್ತದೆ.

ಚಿಕಿತ್ಸೆ ಹೆಚ್ಚಾಗಿ ಸರಳ. ಕೆಲವು ದಿನ ಭಾರದ ಕೆಲಸ, ಆಟಕ್ಕೆ ಬಿಡುವು, ತೂಕಕ್ಕೆ ತಕ್ಕಂತೆ ವೈದ್ಯರು ಬರೆದ ನೋವಿನ ಮಾತ್ರೆ, ಆಮೇಲೆ ಫಿಸಿಯೊಥೆರಪಿಯಲ್ಲಿ ಕತ್ತು ಮತ್ತು ರೆಕ್ಕೆಮೂಳೆಯ ಸ್ನಾಯುಗಳಿಗೆ ಹಂತಹಂತವಾದ ವ್ಯಾಯಾಮ. ಮಂಚ ಹಿಡಿದು ಮಲಗಿಸುವುದು ಬೇಡ. ಅಪ್ಪನ ಬೆನ್ನುನೋವಿಗೆ ಬರೆದುಕೊಟ್ಟ ಮಾತ್ರೆಯಲ್ಲಿ ಅರ್ಧ ಮುರಿದು ಕೊಡುವುದೂ ಬೇಡ. ಮೆಡಿಕಲ್ ಶಾಪಿನಿಂದ ತಂದ ಕತ್ತಿನ ಪಟ್ಟಿಯನ್ನು ತಿಂಗಳುಗಟ್ಟಲೆ ಹಾಕಿಸಿದರೆ ಸ್ನಾಯುಗಳು ಬಲ ಕಳೆದುಕೊಳ್ಳುತ್ತವೆ. ಡಿಸ್ಕ್ ತೊಂದರೆಯಲ್ಲಿ ಅದು ಬೇಕೇ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಲಿ. ಶೀರ್ಷಾಸನ, ಸರ್ವಾಂಗಾಸನ ಸದ್ಯಕ್ಕೆ ನಿಲ್ಲಿಸಿ. ಬಲ ಕುಂದುತ್ತಲೇ ಹೋದರೆ, ಬೆನ್ನುಹುರಿ ಒತ್ತಿದ್ದರೆ, ತಿಂಗಳುಗಟ್ಟಲೆ ಚಿಕಿತ್ಸೆಗೂ ನೋವು ಬಗ್ಗದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಎಣ್ಣೆ ಹಚ್ಚಿ ಹೆಗಲನ್ನು ಹಗುರವಾಗಿ ನೀವಿದರೆ ತೊಂದರೆಯಿಲ್ಲ. ಬಿಸಿನೀರಿನ ಶಾಖವೂ ಹಿತ. ಕತ್ತು ತಿರುಚಿ ಲಟಿಕೆ ತೆಗೆಸುವುದನ್ನು ಮಾತ್ರ ಯಾರಿಂದಲೂ ಮಾಡಿಸಬೇಡಿ. ಕ್ಷೌರದಂಗಡಿಯಲ್ಲಿ ತಲೆ ತಟ್ಟಿದ ಮೇಲೆ ಕತ್ತನ್ನು ಫಟ್ ಎಂದು ಎರಡೂ ಕಡೆ ತಿರುಗಿಸುವ ರೂಢಿ ನಮ್ಮಲ್ಲಿದೆ. 2024ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಬಳ್ಳಾರಿ ಕಡೆಯ 30ರ ಯುವಕನಿಗೆ ಹೀಗೆ ಕತ್ತು ತಿರುಗಿಸಿದ್ದರಿಂದ ಮೆದುಳಿಗೆ ರಕ್ತ ಒಯ್ಯುವ ನಾಳದ ಒಳಪದರ ಹರಿದು ಪಾರ್ಶ್ವವಾಯು ಬಡಿಯಿತು. ಹುಡುಗರು ಒಬ್ಬರೇ ಸೆಲೂನಿಗೆ ಹೋಗುವ ವಯಸ್ಸಿಗೆ ಬಂದಾಗ ಈ ಒಂದು ಮಾತು ಕಿವಿಗೆ ಹಾಕಿ ಕಳಿಸಿ.

ಮನೆಯಲ್ಲಿ ಮಾಡಬಹುದಾದ್ದು ಕತ್ತನ್ನು ಕಾಯುವುದಲ್ಲ, ಭಂಗಿ ಬದಲಾಗುವಂತೆ ನೋಡಿಕೊಳ್ಳುವುದು. ಮಂಚದ ಮೇಲೆಯೇ ಓದಬೇಕಾದರೆ ಮಡಚುವ ಸಣ್ಣ ಮೇಜು ಇಡಿ, ಪುಸ್ತಕ ಓರೆಯಾಗಿ ನಿಲ್ಲಲಿ. ವಾಟ್ಸ್‌ಆ್ಯಪಿನಲ್ಲಿ ಬಂದ ನೋಟ್ಸು ಉದ್ದವಿದ್ದರೆ ಪ್ರಿಂಟ್ ತೆಗೆಸಿಕೊಡಿ. ಅರ್ಧ ಗಂಟೆಗೊಮ್ಮೆ ನೀರು ಕುಡಿಯಲೆಂದೋ, ಗೇಟಿನವರೆಗೆ ಹೋಗಿಬರಲೆಂದೋ ಎದ್ದೇಳಲಿ. ‘ನೆಟ್ಟಗೆ ಕೂರು’ ಎಂದು ಹತ್ತು ಸಲ ಹೇಳುವುದಕ್ಕಿಂತ ಒಮ್ಮೆ ಎಬ್ಬಿಸುವುದು ಮೇಲು. ತೀರಾ ಎತ್ತರದ ದಿಂಬು ತೆಗೆದುಬಿಡಿ. ಫೋನಿನ ಬಗ್ಗೆ ಒಪ್ಪಂದ ಬೇಕಿದ್ದರೆ ಕತ್ತು ನೋಯದ ದಿನ, ನಿಮ್ಮ ಫೋನನ್ನೂ ಸೇರಿಸಿಕೊಂಡು ಮಾತಾಡಿ. ನೋವು ಹೇಳಿಕೊಂಡ ದಿನ ಬೇಡ. ಆ ದಿನ ಕೇಳಬೇಕಾದ್ದು: ಎಲ್ಲಿ ಶುರು, ಎಲ್ಲಿಯವರೆಗೆ, ಯಾವ ಬೆರಳು, ಯಾವಾಗ ಜಾಸ್ತಿ, ಹೇಗೆ ಕೂತರೆ ಕಡಿಮೆ, ಎಲ್ಲಾದರೂ ಬಿದ್ದಿದ್ದೆಯಾ. ಬಿದ್ದದ್ದು ಹೇಳಿದರೆ ಆಟವೋ ಬೈಕೋ ನಿಂತುಹೋಗುತ್ತದೆ ಎಂಬ ಭಯ ಹುಡುಗರಿಗಿರುತ್ತದೆ. ಬೈಯುವುದಿಲ್ಲ ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಉತ್ತರಗಳನ್ನು ಒಂದು ಚೀಟಿಯಲ್ಲಿ ಅವರ ಮಾತಿನಲ್ಲೇ ಬರೆದುಕೊಂಡು ಹೋದರೆ ವೈದ್ಯರಿಗೆ ಉಪಕಾರ. ಮತ್ತೆ ಅಲ್ಲಿ ಪ್ರಶ್ನೆ ಕೇಳಿದಾಗ ಮಗುವೇ ಉತ್ತರಿಸಲಿ.

ಮಕ್ಕಳು ವೈದ್ಯರನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ: ‘ಮತ್ತೆ ಯಾವಾಗ ಆಡಬಹುದು?’ ನಡಿಗೆಗೆ ಯಾವತ್ತೂ ತಡೆಯಿಲ್ಲ. ಕತ್ತು ಎಲ್ಲ ದಿಕ್ಕಿಗೂ ನೋವಿಲ್ಲದೆ ತಿರುಗಬೇಕು, ಎರಡೂ ಕೈಗಳ ಬಲ ಸಮವಾಗಬೇಕು, ಜೋಮು ಹೋಗಿರಬೇಕು. ಆಮೇಲೆ ಓಟ, ಶಟಲ್. ಕಬಡ್ಡಿ, ಜಿಮ್ಮಿನ ಭಾರ ಎಲ್ಲಕ್ಕಿಂತ ಕೊನೆಗೆ, ಪರೀಕ್ಷಿಸಿದ ವೈದ್ಯರು ಒಪ್ಪಿದ ಮೇಲೆ.